ಮಿಕಾನ್ ದಾಟಿದ ಸಾಗರ

1634ರಲ್ಲಿ ಜಪಾನಿನ ಅರಿದಾ ಸೀಮೆಯಿಂದ 400 ಬುಟ್ಟಿ ಮಿಕಾನ್, ಅಂದರೆ ಕಿತ್ತಳೆ, ಹಡಗು ಹತ್ತಿ ಎದೋ ಪಟ್ಟಣಕ್ಕೆ ಹೋಯಿತು. ಈಗ ನಾವು ಟೋಕಿಯೊ ಎನ್ನುವ ಊರೇ ಆಗಿನ ಎದೋ. ಹಣ್ಣು ಕಳಿಸಿದವನು ತೋಬೇ ಎಂಬ ಹಳ್ಳಿಗ. ತೊಕುಗಾವಾ ಶೋಗುನರು ಎದೋದಲ್ಲಿ ನೆಲೆನಿಂತು ಮೂವತ್ತು ವರ್ಷ ಕಳೆದಿತ್ತಷ್ಟೆ. ಊರು ದಿನದಿನಕ್ಕೆ ಬೆಳೆಯುತ್ತಿತ್ತು, ತಿನ್ನುವ ಬಾಯಿಗಳಿಗೆ ಕೊರತೆಯಿರಲಿಲ್ಲ. ಹಣ್ಣಿಗೆ ಒಳ್ಳೆಯ ಬೆಲೆ ಸಿಕ್ಕಿತು. ಸುದ್ದಿ ಹಬ್ಬಿದಂತೆ ಅರಿದಾದ ಗುಡ್ಡಗಳಲ್ಲಿ ಕಿತ್ತಳೆ ಹಾಕುವವರೂ ಹೆಚ್ಚಿದರು. ಒಬ್ಬೊಬ್ಬರೇ ಕಳಿಸಿದರೆ ದೂರದ ಪೇಟೆಯ ವರ್ತಕರ ಮುಂದೆ ರೈತನ ಮಾತು ನಡೆಯುವುದಿಲ್ಲ. ಹಾಗಾಗಿ ಬೆಳೆಗಾರರು ಗುಂಪು ಕಟ್ಟಿಕೊಂಡು ಒಟ್ಟಾಗಿ ಸಾಗಿಸತೊಡಗಿದರು. 'ಮಿಕಾನ್‌ಗಾತಾ' ಎಂದು ಹೆಸರಾದ ಆ ಏರ್ಪಾಡಿಗೆ ಸೀಮೆಯನ್ನು ಆಳುತ್ತಿದ್ದ ಕೀ ತೊಕುಗಾವಾ ಮನೆತನದ ಬೆಂಬಲವೂ ಇತ್ತು. ಯೂರೋಪಿನಲ್ಲಿ ಸಹಕಾರ ಸಂಘಗಳು ತಲೆಯೆತ್ತಲು ಇನ್ನೂ ಎಷ್ಟೋ ಕಾಲವಿದ್ದಾಗ ಈ ಗುಡ್ಡಗಾಡಿನ ರೈತರು ಒಂದೇ ಹಡಗಿಗೆ ಹಣ್ಣು ತುಂಬಿ, ಬಂದ ಹಣವನ್ನು ಲೆಕ್ಕ ಹಾಕಿ ಹಂಚಿಕೊಳ್ಳುವುದನ್ನು ಕಲಿತಿದ್ದರು.

ಎದೋದ ಕಮ್ಮಾರರಿಗೆ ಚಳಿಗಾಲದಲ್ಲಿ ತಿದಿಯ ಹಬ್ಬ. ಹನ್ನೊಂದನೆಯ ತಿಂಗಳ ಎಂಟನೆಯ ದಿನ ಕುಲುಮೆ ಆರಿಸಿ, ತಿದಿಗೆ ಪೂಜೆ ಮಾಡಿ, ಮನೆಯ ಮೇಲಿನಿಂದ ಕಿತ್ತಳೆ ಎಸೆಯುತ್ತಿದ್ದರು. ಕೆಳಗೆ ಕೇರಿಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಿದ್ದವು. ಆಯುಧಪೂಜೆ ಮಾಡುವ ನಮಗೆ ಆ ಸಡಗರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಒಂದು ವರ್ಷ ಬಿರುಗಾಳಿಗೆ ಹೆದರಿ ಯಾವ ಹಡಗೂ ಹೊರಡಲಿಲ್ಲವಂತೆ. ಕಿನೊಕುನಿಯಾ ಬುನ್‌ಜಾಯೆಮೊನ್ ಎಂಬ ಎದೆಗಾರ ಹಳೆಯ ಹಡಗೊಂದನ್ನು ರಿಪೇರಿ ಮಾಡಿಸಿ, ಕಿತ್ತಳೆ ತುಂಬಿ, ಅಲೆಗಳನ್ನು ಸೀಳಿಕೊಂಡು ಹಬ್ಬದ ಹೊತ್ತಿಗೆ ಎದೋ ಮುಟ್ಟಿ ಶ್ರೀಮಂತನಾದನೆಂದು ಜನ ಹೇಳಿಕೊಂಡು ಬಂದಿದ್ದಾರೆ. ಬುನ್‌ಜಾಯೆಮೊನ್ ನಿಜವಾಗಿ ಇದ್ದ, ಮರದ ವ್ಯಾಪಾರದಲ್ಲಿ ದೊಡ್ಡ ಹಣ ಮಾಡಿದ. ಕಿತ್ತಳೆಯ ಸಾಹಸ ಮಾತ್ರ ದಂತಕಥೆ. ಆದರೂ ಒಂದು ಹಣ್ಣಿಗಾಗಿ ಪ್ರಾಣ ಪಣಕ್ಕಿಟ್ಟವನ ಕಥೆಯನ್ನು ಒಂದು ಊರು ಶತಮಾನಗಟ್ಟಲೆ ಹೇಳಿಕೊಂಡು ಬಂದಿದೆಯೆಂದರೆ, ಆ ಹಣ್ಣನ್ನು ಅದು ಎಷ್ಟು ಹಚ್ಚಿಕೊಂಡಿತ್ತೆಂಬುದು ತಿಳಿಯುತ್ತದೆ.

ಹಣ್ಣಿನ ಮೂಲ ಚೀನಾ. 1178ರಲ್ಲೇ ಹಾನ್ ಯೆನ್‌ಚಿ ಎಂಬ ಅಧಿಕಾರಿ ವೆನ್‌ಝೌ ಸೀಮೆಯ ಕಿತ್ತಳೆ ಜಾತಿಗಳ ಬಗ್ಗೆಯೇ ಒಂದು ಪುಸ್ತಕ ಬರೆದು 27 ಬಗೆಗಳನ್ನು ವಿವರಿಸಿದ್ದ. ನಾಟಿ, ಗೊಬ್ಬರ, ರೋಗ, ಕೊಯ್ಲು, ಹಣ್ಣು ಕೆಡದಂತೆ ಇಡುವುದು ಎಲ್ಲವೂ ಅದರಲ್ಲಿದೆ. ಎದೋಗೆ ಹೋಗುತ್ತಿದ್ದ ಕಿಶೂ ಮಿಕಾನ್ ಈ ಬಳಗದ್ದು. ಚಿಕ್ಕ ಹಣ್ಣು, ಒಳಗೆ ಬೀಜ. ಇದೇ ಹೊತ್ತಿಗೆ ದಕ್ಷಿಣದ ಕಾಗೊಶಿಮಾ ಕಡೆಯ ನಾಗಶಿಮಾ ದ್ವೀಪದಲ್ಲಿ ಬೀಜವೇ ಇಲ್ಲದ, ತುಸು ದೊಡ್ಡದಾದ ಇನ್ನೊಂದು ಕಿತ್ತಳೆ ಹುಟ್ಟಿಕೊಂಡಿತ್ತು. ಉನ್‌ಶೂ ಮಿಕಾನ್ ಎಂದು ಕರೆಯುವುದು ಇದನ್ನೇ. ಕಿಶೂ ಮತ್ತು ಕುನೆನ್‌ಬೊ ಎಂಬ ಎರಡು ಜಾತಿಗಳ ಕೂಡಿಕೆಯಿಂದ ಅದು ಬಂತೆಂದು ಇತ್ತೀಚಿನ ವಂಶವಾಹಿ ಅಧ್ಯಯನಗಳು ತೋರಿಸಿವೆ. ರುಚಿಯಲ್ಲಿ ಇದೇ ಮೇಲು. ಆದರೂ ಬಹುಕಾಲ ಜನ ಇದನ್ನು ಹಿತ್ತಿಲಿಗೆ ಸೇರಿಸಲಿಲ್ಲ. ಬೀಜವಿಲ್ಲದ ಹಣ್ಣು ತಿಂದರೆ ವಂಶ ನಿಲ್ಲುತ್ತದೆಂಬ ಅಳುಕು. ಮೇಜಿ ಕಾಲದಲ್ಲಿ, ಅಂದರೆ 1868ರ ನಂತರ, ಹಳೆಯ ಸಮಾಜದ ಕಟ್ಟುಗಳು ಸಡಿಲವಾದಾಗಲೇ ಉನ್‌ಶೂ ದೇಶದ ತುಂಬ ಹರಡಿದ್ದು.

ಈ ಮರ ಬೆಳೆಯುವ ಜಾಗವನ್ನು ಸ್ವಲ್ಪ ನೋಡಬೇಕು. ಅರಿದಾ ಇರಲಿ, ಶಿಕೋಕು ದ್ವೀಪದ ಎಹಿಮೆ ಇರಲಿ, ಗುಡ್ಡ ಕಡಿದಾಗಿ ಏರಿ ನಿಂತಿರುತ್ತದೆ, ಕಾಲ ಬುಡದಲ್ಲೇ ಸಮುದ್ರ. ಸಮತಟ್ಟಾದ ನೆಲವೆಲ್ಲ ಭತ್ತಕ್ಕೆ ಹೋಯಿತು, ಕಿತ್ತಳೆಗೆ ಉಳಿದದ್ದು ಇಳಿಜಾರು. ತಲೆಮಾರುಗಳ ಕಾಲ ಕಲ್ಲು ಹೊತ್ತು, ಗಾರೆಯಿಲ್ಲದೆ ಕಟ್ಟೆ ಪೇರಿಸಿ, ಅದರ ಹಿಂದೆ ಮಣ್ಣು ತುಂಬಿ ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದರು. ಅಲ್ಲಿನ ರೈತರು ತಮ್ಮ ಹಣ್ಣಿಗೆ ಮೂರು ಸೂರ್ಯರು ಎನ್ನುತ್ತಾರೆ: ಆಕಾಶದ್ದು ಒಂದು, ಸಮುದ್ರದ ಮೇಲಿಂದ ಚಿಮ್ಮುವ ಬೆಳಕು ಇನ್ನೊಂದು, ಬಿಸಿಯಾದ ಕಲ್ಲುಕಟ್ಟೆ ಮೂರನೆಯದು. ಇಳಿಜಾರಿನಲ್ಲಿ ಮಳೆನೀರು ನಿಲ್ಲದೆ ಹರಿದುಹೋಗುತ್ತದೆ, ಹಣ್ಣು ಮಾಗುವಾಗ ಬೇರಿಗೆ ನೀರು ಕಡಿಮೆ ಸಿಕ್ಕಿ ಸಿಹಿ ಕೂಡುತ್ತದೆ. ಚಳಿ ತಡೆಯುವುದಕ್ಕಾಗಿ ಕರಾತಾಚಿ ಎಂಬ ಮುಳ್ಳಿನ ಗಿಡದ ಬೇರಿಗೆ ಉನ್‌ಶೂ ಕಸಿ ಕಟ್ಟುತ್ತಾರೆ. ಇದೇ ಕರಾತಾಚಿ ಮುಂದೆ ಅಮೆರಿಕದಲ್ಲಿ ಎಬ್ಬಿಸಿದ ಗದ್ದಲ ಸಣ್ಣದಲ್ಲ. ಅದು ಆಮೇಲೆ.

ಒಂದು ವರ್ಷ ಮೈತುಂಬ ಕಾಯಿ ಬಿಟ್ಟ ಮರ ಮರುವರ್ಷ ದಣಿದು ನಿಲ್ಲುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಮರ ಹತ್ತಿ ಮಿಡಿಗಾಯಿಗಳನ್ನು ಕಿತ್ತು ಚೆಲ್ಲುತ್ತಾರೆ. ಕೊಯ್ಲಿನಲ್ಲಿ ಒಂದು ಹಣ್ಣಿಗೆ ಎರಡು ಸಲ ಕತ್ತರಿ ಆಡುತ್ತದೆ. ಮೊದಲು ತೊಟ್ಟನ್ನು ಉದ್ದ ಬಿಟ್ಟು ಕೊಂಬೆಯಿಂದ ಬಿಡಿಸುತ್ತಾರೆ. ಬಳಿಕ ಹಣ್ಣನ್ನು ಅಂಗೈಗೆ ತಂದು ಉಳಿದ ತೊಟ್ಟನ್ನು ಸಿಪ್ಪೆಗೆ ಸಮನಾಗಿ ಕತ್ತರಿಸುತ್ತಾರೆ. ಚೂಪು ತೊಟ್ಟು ಒಂದೇ ಒಂದು ಉಳಿದರೂ ಬುಟ್ಟಿಯ ಪಕ್ಕದ ಹಣ್ಣಿಗೆ ಚುಚ್ಚಿ, ಆ ಗಾಯದಲ್ಲಿ ಹಸಿರು ಬೂಷ್ಟು ಕೂತು, ಪೆಟ್ಟಿಗೆಯ ಹಣ್ಣೆಲ್ಲ ಕೆಡುತ್ತದೆ. ಸಡಿಲ ಸಿಪ್ಪೆಯ ಹಣ್ಣು ಇದು. ಮಗು ಕೂಡ ಸುಲಿದು ತಿನ್ನಬಹುದಾದ ಆ ಸುಲಭವೇ ಸಾಗಣೆಯಲ್ಲಿ ಅದರ ದೌರ್ಬಲ್ಯ. ಬಿಗಿ ಸಿಪ್ಪೆಯ ದೊಡ್ಡ ಕಿತ್ತಳೆಯನ್ನು ಎತ್ತಿ ಸುರಿಯಬಹುದು, ಇದನ್ನು ಹಾಗೆ ಮಾಡುವಂತಿಲ್ಲ. ಕೊಯ್ದ ಮೇಲೆಯೂ ಕೂಡಲೇ ತುಂಬುವುದಿಲ್ಲ. ಕೆಲವು ದಿನ ಗಾಳಿಯಾಡುವಲ್ಲಿ ಹರಡಿ, ತೂಕದಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು ತೇವ ಆರಲು ಬಿಡುತ್ತಾರೆ. ಆಗ ಸಿಪ್ಪೆ ತುಸು ಬಾಡಿ ಗಟ್ಟಿಯಾಗುತ್ತದೆ, ಹಣ್ಣು ದಾರಿಯನ್ನು ತಾಳುತ್ತದೆ. ಪೆಸಿಫಿಕ್ ಸಾಗರ ದಾಟುವ ವಿದ್ಯೆಯನ್ನು ಈ ರೈತರು ಕಲಿತದ್ದು ಇಂಥ ಸಣ್ಣ ಕೆಲಸಗಳಲ್ಲಿ. ರಫ್ತಿನ ಚರಿತ್ರೆ ಬರೆಯುವವರು ಹಡಗಿನ ಹೆಸರು ಹೇಳಿ ಕತ್ತರಿ ಹಿಡಿದವರನ್ನು ಮರೆಯುವುದು ನನಗೆ ಸರಿಯೆನಿಸುವುದಿಲ್ಲ.

ಜಪಾನ್ ಹೊರಜಗತ್ತಿಗೆ ಬಾಗಿಲು ತೆರೆದ ಮೇಲೆ ಮೊದಲು ಹೊರಬಿದ್ದದ್ದು ಹಣ್ಣಲ್ಲ, ಗಿಡ. 1870ರ ದಶಕದಲ್ಲಿ ಉನ್‌ಶೂ ಸಸಿಗಳು ಅಮೆರಿಕದ ಫ್ಲಾರಿಡಾ ಮುಟ್ಟಿದವು. 1878ರಲ್ಲಿ, ಹಿಂದೆ ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ವ್ಯಾನ್ ವಾಲ್ಕೆನ್‌ಬರ್ಗ್ ಅವರ ಪತ್ನಿ ಸತ್ಸುಮಾ ಸೀಮೆಯಿಂದ ಸಸಿಗಳನ್ನು ಕಳಿಸಿದ್ದರಿಂದ ಪಶ್ಚಿಮದಲ್ಲಿ ಹಣ್ಣಿಗೆ ಸತ್ಸುಮಾ ಎಂಬ ಹೆಸರೇ ನಿಂತಿತು. ಮೆಕ್ಸಿಕೊ ಕೊಲ್ಲಿಯ ದಂಡೆಯಲ್ಲಿ ಚಳಿ ತಾಳುವ ಕಿತ್ತಳೆ ಸಿಕ್ಕಿತೆಂದು ಹುರುಪು ಎದ್ದಿತು. 1908ರಿಂದ 1911ರ ನಡುವೆ ಹತ್ತು ಲಕ್ಷದಷ್ಟು ಸಸಿಗಳು ಜಪಾನಿನಿಂದ ಬಂದವು. ಅಲಬಾಮಾ, ಟೆಕ್ಸಸ್, ಲೂಸಿಯಾನಾ, ಫ್ಲಾರಿಡಾಗಳಲ್ಲಿ ಸತ್ಸುಮಾ ಎಂದೇ ಹೆಸರಿರುವ ಊರುಗಳು ಇವತ್ತಿಗೂ ಇವೆ.

ಸಸಿಗಳ ಜೊತೆ ಕಜ್ಜಿ ರೋಗವೂ ಬಂತು. ಇಂಡಿ ಕಡೆಯ ನಿಂಬೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲೆ, ಕಡ್ಡಿ, ಕಾಯಿಗಳ ಮೇಲೆ ಉಬ್ಬಿದ ಒರಟು ಚುಕ್ಕೆ, ಎಲೆಯ ಮೇಲಾದರೆ ಸುತ್ತ ಹಳದಿ ಬಳೆ. ಬ್ಯಾಕ್ಟೀರಿಯಾದ ಕಾಟ, ಗಾಳಿಮಳೆಗೆ ಹರಡುತ್ತದೆ. ಉನ್‌ಶೂ ಮರ ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಆದ್ದರಿಂದ ಜಪಾನಿನಲ್ಲಿ ಅದೊಂದು ದೊಡ್ಡ ಗಂಡಾಂತರವಾಗಿರಲಿಲ್ಲ. ಕರಾತಾಚಿ ಬೇರಿನ ಸಸಿಗಳೊಂದಿಗೆ ಫ್ಲಾರಿಡಾ ತಲುಪಿ ಅಲ್ಲಿನ ಗ್ರೇಪ್‌ಫ್ರೂಟ್ ಮರಗಳಿಗೆ ಹತ್ತಿದಾಗ ಅದು ಮಾರಿಯಾಯಿತು. ಗುಣಪಡಿಸುವ ಮದ್ದಿರಲಿಲ್ಲ, ಸುಡುವುದೊಂದೇ ದಾರಿ. ಮರ ನಿಂತಲ್ಲೇ ಸೀಮೆಎಣ್ಣೆಯ ಜ್ವಾಲೆ ಹಾಯಿಸಿ ಬೇರುಮಟ್ಟ ಸುಟ್ಟರು. ಕೆಲಸಗಾರರು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬಟ್ಟೆ, ಕೈ, ಉಪಕರಣಗಳನ್ನು ಔಷಧದ ನೀರಿನಲ್ಲಿ ತೊಳೆಯಬೇಕಿತ್ತು. ಎರಡೂವರೆ ಲಕ್ಷಕ್ಕೂ ಹೆಚ್ಚು ತೋಟದ ಮರಗಳು, ನರ್ಸರಿಗಳಲ್ಲಿದ್ದ 30 ಲಕ್ಷಕ್ಕೂ ಹೆಚ್ಚು ಸಸಿಗಳು ಬೂದಿಯಾದವು. ಫ್ಲಾರಿಡಾ ರೋಗಮುಕ್ತವೆಂದು ಸಾರಿದ್ದು 1933ರಲ್ಲಿ. ಅದೇ ವರ್ಷ ಇಬ್ಬರು ವಿಜ್ಞಾನಿಗಳು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕಾದಿಟ್ಟ ಒಣ ಸಸ್ಯಗಳನ್ನು ಹುಡುಕಿ, ಭಾರತದಲ್ಲಿ 1827 ಮತ್ತು 1831ರ ನಡುವೆ ಕಿತ್ತಿದ್ದ ಮಾದಳದ ಎಲೆಗಳಲ್ಲಿ ಈ ರೋಗದ ಗುರುತು ಕಂಡರು. ಜಪಾನಿನ ಪಿಡುಗೆಂದು ಕೂಗಾಡಿದ್ದು ಬಹುಶಃ ನಮ್ಮ ಕಡೆಯಿಂದ ಹೊರಟದ್ದು. ರೋಗಕ್ಕೆ ದೇಶದ ಹೆಸರಿಟ್ಟು ಬೈಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

1915ರಿಂದ ಅಮೆರಿಕ ಹೊರದೇಶದ ಕಿತ್ತಳೆ ಸಸಿಗಳಿಗೆ ಬಾಗಿಲು ಹಾಕಿತು, 1917ರಲ್ಲಿ ಹಣ್ಣಿಗೂ ಕಟ್ಟುಪಾಡು ಬಂತು. ಕಿತ್ತಳೆ ಬೆಳೆಯುವ ರಾಜ್ಯಗಳತ್ತ ಜಪಾನಿನ ಹಣ್ಣು ಸುಳಿಯುವಂತಿರಲಿಲ್ಲ. ಅದರ ಉತ್ತರದ ಕೆನಡಾಕ್ಕೆ ಮಾತ್ರ ಈ ಚಿಂತೆಯಿಲ್ಲ. ಅಲ್ಲಿ ಕಿತ್ತಳೆ ಮರವೇ ಇಲ್ಲದ ಮೇಲೆ ಕಜ್ಜಿ ಯಾವುದಕ್ಕೆ ಹತ್ತಬೇಕು? ತಾನು ಎಂದೂ ಬೇರೂರಲಾಗದ ಹಿಮದ ನಾಡಿನಲ್ಲೇ ಮಿಕಾನ್‌ಗೆ ಎಲ್ಲಕ್ಕಿಂತ ನಂಬಿಕೆಯ ಗಿರಾಕಿ ಸಿಕ್ಕಿದ.

ಅಲ್ಲಿಗೆ ಹಣ್ಣು ಮೊದಲು ಹೋದದ್ದು ಮನೆಯ ನೆನಪಾಗಿ. 1880ರ ದಶಕದಲ್ಲಿ ಜಪಾನಿನಿಂದ ಮೀನು ಹಿಡಿಯಲು, ಮರ ಕೊಯ್ಯಲು ಬ್ರಿಟಿಷ್ ಕೊಲಂಬಿಯಾಕ್ಕೆ ಹೋದವರಿಗೆ ಹೊಸ ವರ್ಷದ ಹೊತ್ತಿಗೆ ಊರಿಂದ ಬುಟ್ಟಿ ಬರುತ್ತಿತ್ತು. ಅಕ್ಕಪಕ್ಕದವರಿಗೆ ಕೊಟ್ಟರು, ರುಚಿ ಹತ್ತಿತು. ಕೆನಡಿಯನ್ ಪೆಸಿಫಿಕ್ ರೈಲು 1887ರಲ್ಲಿ ವ್ಯಾಂಕೂವರ್ ಮುಟ್ಟಿತು, 1891ರಿಂದ ಅದೇ ಕಂಪನಿಯ ಎಂಪ್ರೆಸ್ ಹಡಗುಗಳು ಯೊಕೊಹಾಮಾ ಮತ್ತು ವ್ಯಾಂಕೂವರ್ ನಡುವೆ ಓಡಾಡಿದವು. ಹಣ್ಣು ಡಿಸೆಂಬರ್‌ಗೆ ಮಾಗುತ್ತದೆ, ಕ್ರಿಸ್ಮಸ್ ಕೂಡ ಡಿಸೆಂಬರ್‌ನಲ್ಲೇ. ಆರು ತಿಂಗಳು ಹಸಿರು ಕಾಣದ ಹುಲ್ಲುಗಾವಲಿನ ಊರುಗಳಲ್ಲಿ, ಮಕ್ಕಳ ಉಡುಗೊರೆಯ ಕಾಲುಚೀಲದ ತುದಿಯಲ್ಲಿ ಜಪಾನಿನ ಕಿತ್ತಳೆ ಇರಲೇಬೇಕೆಂಬ ಪದ್ಧತಿ ಬೆಳೆಯಿತು.

ತೆಳ್ಳನೆಯ ಹಲಗೆಯ ಪೆಟ್ಟಿಗೆ, ಒಳಗೆ ಒಂದೊಂದು ಹಣ್ಣಿಗೂ ಹಸಿರು ಕಾಗದ, ಎರಡೆರಡು ಪೆಟ್ಟಿಗೆ ಸೇರಿಸಿ ಹುಲ್ಲಿನ ಹಗ್ಗದ ಕಟ್ಟು. ಹಗ್ಗ, ಹಲಗೆ, ಕಾಗದ ಯಾವುದನ್ನೂ ಹುಲ್ಲುಗಾವಲಿನ ಆ ಬಡ ರೈತರು ಬಿಸಾಡಲಿಲ್ಲ. ಪೆಟ್ಟಿಗೆ ಗೊಂಬೆಯ ಮಂಚವಾಯಿತು, ಹಿಮದ ಮೇಲೆ ಜಾರುವ ಬಂಡಿಯಾಯಿತು. ಮೆತ್ತನೆಯ ಕಾಗದ ಹಿತ್ತಿಲ ಪಾಯಖಾನೆ ಸೇರಿತು. ಮೊದಲ ಹಡಗು ಬಂದಾಗ ವ್ಯಾಂಕೂವರ್ ರೇವಿನಲ್ಲಿ ಸಾಂತಾಕ್ಲಾಸ್ ವೇಷದವನೂ ಕಿಮೋನೊ ತೊಟ್ಟ ಹುಡುಗಿಯರೂ ಸೇರಿ ಕುಣಿದು ಸ್ವಾಗತಿಸುವ ರೂಢಿ ಬೆಳೆಯಿತು. ಕಿತ್ತಳೆ ಬಣ್ಣ ಬಳಿದ ಡಬ್ಬಿಗಳ ರೈಲು ಬೆಟ್ಟ ದಾಟಿ ಪೂರ್ವಕ್ಕೆ ಹೊರಡುತ್ತಿತ್ತು.

ಹಣ್ಣಿಗೆ ಈ ಆದರ. ಹಣ್ಣು ತಂದ ಜನಕ್ಕೆ? 1907ರ ಸೆಪ್ಟೆಂಬರ್‌ನಲ್ಲಿ ಅದೇ ವ್ಯಾಂಕೂವರಿನ ಬಿಳಿಯರ ಗುಂಪು ಚೀನೀಯರ ಕೇರಿಯ ಅಂಗಡಿಗಳ ಗಾಜು ಪುಡಿಮಾಡಿ, ಜಪಾನೀಯರಿದ್ದ ಪವೆಲ್ ರಸ್ತೆಗೆ ನುಗ್ಗಿತು. ಅಲ್ಲಿಯವರು ತಿರುಗಿಬಿದ್ದು ಹೊಡೆದಟ್ಟಿದರು. 1914ರ ಮೇ ತಿಂಗಳಲ್ಲಿ ಜಪಾನಿನದೇ ಹಡಗು ಕೊಮಾಗಾತಾ ಮಾರು 376 ಭಾರತೀಯರನ್ನು ಹೊತ್ತು ಆ ರೇವಿಗೆ ಬಂದು ನಿಂತಿತು. ಹೆಚ್ಚಿನವರು ಪಂಜಾಬಿನವರು. ಎರಡು ತಿಂಗಳು ನೀರಿನ ಮೇಲೆಯೇ ಕೂರಿಸಿ, ಅನ್ನ ನೀರಿಗೆ ಪರದಾಡಿಸಿ, ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಿಂದಕ್ಕಟ್ಟಿದರು. ಹಡಗು ಜಪಾನಿನದು, ರೇವು ಅದೇ. ಕಿತ್ತಳೆಯನ್ನು ಕರೆದುಕೊಂಡ ಊರು ಮನುಷ್ಯರನ್ನು ಹೊರಗೆ ನಿಲ್ಲಿಸಿತು. ಇದನ್ನು ಬರೆಯುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದಾಗ ವ್ಯಾಪಾರ ಕಡಿದುಬಿತ್ತು. ಆ ಬಳಿಕ ನಡೆದದ್ದಕ್ಕೂ ಫ್ಲಾರಿಡಾದಲ್ಲಿ ನಡೆದದ್ದಕ್ಕೂ ಇರುವ ಅಂತರವೇ ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು. ಫ್ಲಾರಿಡಾದ ಭಯಕ್ಕೆ ಆಧಾರವಿತ್ತು. ರೋಗ ಕಣ್ಣಿಗೆ ಕಾಣುತ್ತಿತ್ತು, ಸೂಕ್ಷ್ಮದರ್ಶಕಕ್ಕೆ ಸಿಗುತ್ತಿತ್ತು, ಸುಟ್ಟ ತೋಟದ ನಷ್ಟ ಪಕ್ಕದ ತೋಟವನ್ನು ಉಳಿಸುತ್ತಿತ್ತು. ಕೆನಡಾ 1942ರ ಫೆಬ್ರವರಿಯಲ್ಲಿ ಪೆಸಿಫಿಕ್ ಕರಾವಳಿಯ 100 ಮೈಲಿ ಪಟ್ಟಿಯಿಂದ ಜಪಾನೀ ಮೂಲದವರನ್ನೆಲ್ಲ ತೆರವು ಮಾಡಿಸಲು ಹೊರಟಾಗ ಅಂಥ ಯಾವ ಸಾಕ್ಷಿಯೂ ಇರಲಿಲ್ಲ. ಇವರಿಂದ ಅಪಾಯವಿಲ್ಲವೆಂದು ಪೊಲೀಸ್ ಮತ್ತು ಸೇನೆಯ ಹಿರಿಯ ಅಧಿಕಾರಿಗಳೇ ಹೇಳಿದ್ದರು. ಆದರೂ ಸುಮಾರು 22,000 ಮಂದಿ ಮನೆ ಬಿಟ್ಟರು. ಬಹುಪಾಲು ಕೆನಡಾದ ಪ್ರಜೆಗಳೇ. 1,200ರಷ್ಟು ಮೀನುದೋಣಿಗಳನ್ನು ಮೊದಲೇ ವಶಪಡಿಸಿಕೊಂಡಾಗಿತ್ತು. ವ್ಯಾಂಕೂವರಿನ ಹೇಸ್ಟಿಂಗ್ಸ್ ಪಾರ್ಕಿನಲ್ಲಿ ಜಾನುವಾರು ಪ್ರದರ್ಶನಕ್ಕೆ ಕಟ್ಟಿದ ಕೊಟ್ಟಿಗೆಗಳಲ್ಲಿ, ಸಗಣಿ ವಾಸನೆ ಆರದ ಗೂಡುಗಳಲ್ಲಿ ಹೆಂಗಸರು ಮಕ್ಕಳನ್ನು ಮಲಗಿಸಿಕೊಂಡರು. ಬಳಿಕ ಬೆಟ್ಟದಾಚೆಯ ಶಿಬಿರಗಳಿಗೆ, ಸಕ್ಕರೆ ಬೀಟ್ ಹೊಲಗಳ ಕೂಲಿಗೆ ಹಂಚಿಹೋದರು. ಮನೆ, ಅಂಗಡಿ, ಹಣ್ಣಿನ ತೋಟಗಳನ್ನು ಸರ್ಕಾರ ಅವರನ್ನು ಕೇಳದೆ ಮಾರಿತು. ಕರಾವಳಿಗೆ ಮರಳಲು ಬಿಟ್ಟದ್ದು ಯುದ್ಧ ಮುಗಿದು ಮೂರೂವರೆ ವರ್ಷದ ಮೇಲೆ, 1949ರ ಏಪ್ರಿಲ್ 1ರಂದು. ಅವರಲ್ಲಿ ಒಬ್ಬರ ಮೇಲೂ ದೇಶದ್ರೋಹದ ಆರೋಪ ಸಾಬೀತಾಗಲಿಲ್ಲ. 1988ರಲ್ಲಿ ಪ್ರಧಾನಿ ಬ್ರಯನ್ ಮಲ್ರೋನಿ ಸಂಸತ್ತಿನಲ್ಲಿ ಕ್ಷಮೆ ಕೇಳಿ, ಬದುಕುಳಿದಿದ್ದ ಒಬ್ಬೊಬ್ಬರಿಗೆ 21,000 ಡಾಲರ್ ಪರಿಹಾರ ಘೋಷಿಸಿದರು.

ಅತ್ತ ಜಪಾನಿನಲ್ಲಿ ಯುದ್ಧಕಾಲದ ಹಸಿವು ಕಿತ್ತಳೆ ತೋಟಗಳನ್ನೂ ಬಿಡಲಿಲ್ಲ. ಗೊಬ್ಬರ ಸಿಗಲಿಲ್ಲ, ಆಳು ಸಿಗಲಿಲ್ಲ, ಗೆಣಸು ಮತ್ತು ಧಾನ್ಯಕ್ಕೆ ನೆಲ ಬೇಕಾಯಿತು. 1940ರ ದಶಕ ಮುಗಿಯುವ ಹೊತ್ತಿಗೆ ಕೆನಡಾಕ್ಕೆ ಪೆಟ್ಟಿಗೆಗಳು ಮತ್ತೆ ಹೊರಟವು. ಸೋತು ಸುಣ್ಣವಾಗಿದ್ದ ದೇಶಕ್ಕೆ ಡಾಲರ್ ತರುವ ಸರಕುಗಳು ಹೆಚ್ಚಿರಲಿಲ್ಲ, ಅದರಲ್ಲಿ ಇದೊಂದು. 1961ರಲ್ಲಿ ಬಂದ ಕೃಷಿ ಮೂಲ ಕಾನೂನು ಭತ್ತದಾಚೆಯ ಬೆಳೆಗಳಿಗೆ ಒತ್ತು ಕೊಟ್ಟಿತು, ಗುಡ್ಡಗಳ ಮೇಲೆ ಇನ್ನಷ್ಟು ಕಿತ್ತಳೆ ಏರಿತು. ಬೆನ್ನ ಮೇಲೆ ಹೊತ್ತಿಳಿಸುತ್ತಿದ್ದ ಬುಟ್ಟಿಗಳಿಗೆ ಒಂಟಿ ಕಂಬಿಯ ಪುಟ್ಟ ಯಂತ್ರಬಂಡಿ ಬಂತು, ಇಂದಿಗೂ ಇಳಿಜಾರಿನಲ್ಲಿ ಗುಡುಗುಡು ಎನ್ನುತ್ತ ಹತ್ತಿಳಿಯುತ್ತದೆ. ಆದರೆ ಎಲ್ಲರೂ ಒಂದೇ ಬೆಳೆಗೆ ಬಿದ್ದರೆ ಆಗುವುದು 1972ರಲ್ಲಿ ಆಯಿತು. ಹಣ್ಣು ತುಂಬಿ ಸುರಿಯಿತು, ಬೆಲೆ ಕುಸಿಯಿತು. 1975ರಲ್ಲಿ ಉತ್ಪಾದನೆ 36 ಲಕ್ಷ ಟನ್ ದಾಟಿ ಶಿಖರ ಮುಟ್ಟಿತು. ಆಮೇಲೆ ಮರ ಕಡಿಯಲು ಸರ್ಕಾರವೇ ಹಣ ಕೊಡಬೇಕಾಯಿತು. 1991ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಹೊರಗಿನ ಕಿತ್ತಳೆಗೆ ಮಾರುಕಟ್ಟೆ ತೆರೆದ ಬಳಿಕ ಇಳಿಕೆ ನಿಲ್ಲಲೇ ಇಲ್ಲ. ಈಗಿನ ಬೆಳೆ ಎಂಟು ಲಕ್ಷ ಟನ್ ಕೂಡ ಮುಟ್ಟುವುದಿಲ್ಲ.

ಕೊಡಗಿನ ಕಿತ್ತಳೆಯ ಪಾಡು ಬಲ್ಲವರಿಗೆ ಈ ಇಳಿಕೆಯ ನೋವು ಅರ್ಥವಾದೀತು. ಕಾಫಿಯ ನಡುವೆ ನೆರಳಲ್ಲಿ ಬೆಳೆದು, ಬಿಗಿ ಸಿಪ್ಪೆ, ಹುಳಿ ಬೆರೆತ ಸಿಹಿಗೆ ಹೆಸರಾಗಿದ್ದ ಆ ಮರಗಳು ಗ್ರೀನಿಂಗ್ ರೋಗ, ಬೇರಿನ ಕೊಳೆ, ಟ್ರಿಸ್ಟೆಜಾ ವೈರಸ್ಸುಗಳಿಗೆ ತುತ್ತಾಗಿ ತೋಟ ತೋಟವೇ ಬರಿದಾದವು. ಭೌಗೋಳಿಕ ಗುರುತು ಸಿಕ್ಕಿತು, ಹಣ್ಣು ಮಾತ್ರ ಸಿಗುವುದು ಅಪರೂಪ. ಅರಿದಾ ಮತ್ತು ಎಹಿಮೆಗಳಲ್ಲಿ ಮರ ಇನ್ನೂ ಗಟ್ಟಿಯಿದೆ, ಕಡಿಮೆಯಾಗುತ್ತಿರುವುದು ಜನ. ಮಕ್ಕಳು ನಗರ ಸೇರಿದ್ದಾರೆ. ಎಪ್ಪತ್ತು ದಾಟಿದವರು ಕಲ್ಲುಕಟ್ಟೆ ಹತ್ತಿಳಿಯುತ್ತಾರೆ. ಮೇಲಿನ ಸಾಲಿನ ತೋಟಗಳನ್ನು ಕಾಡು ನುಂಗುತ್ತಿದೆ, ಕಾಡುಹಂದಿಯ ಕಾಟ ಬೇರೆ.

ಕೆನಡಾದ ಅಂಗಡಿಗಳಲ್ಲಿ ಡಿಸೆಂಬರ್‌ನ ಕಿತ್ತಳೆ ಪೆಟ್ಟಿಗೆ ಈಗಲೂ ಸಾಲಾಗಿ ಕೂತಿರುತ್ತದೆ. ಹೆಚ್ಚಿನವು ಚೀನಾ, ಮೊರೊಕ್ಕೊ, ಸ್ಪೇನಿನವು. ಜಪಾನಿನದಕ್ಕೆ ಬೆಲೆ ಜಾಸ್ತಿ, ಹುಡುಕಿ ಕೊಳ್ಳುವವರು ಕಡಿಮೆ. ಅತ್ತ ಜಪಾನಿನಲ್ಲಿ, ಅರಿದಾದ ನೆರೆಯ ಶಿಮೊತ್ಸುವಿನ ರೈತರು ಡಿಸೆಂಬರ್‌ನಲ್ಲಿ ಕೊಯ್ದ ಹಣ್ಣನ್ನು ಮಣ್ಣಿನ ಗೋಡೆಯ ಕಣಜಗಳಲ್ಲಿ ಮರದ ಪೆಟ್ಟಿಗೆಗಳಲ್ಲಿಟ್ಟು, ಹುಳಿ ಇಳಿದು ಸಿಹಿಯಾದ ಮೇಲೆ ಹೊಸ ವರ್ಷದಲ್ಲಿ ಹೊರತೆಗೆಯುತ್ತಾರೆ. 2019ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರೀಯ ಕೃಷಿ ಪರಂಪರೆಯೆಂದು ಗುರುತಿಸಿತು. ಎಹಿಮೆಯ ಯಾವಾತಾಹಾಮಾ ಕಡೆಯ ಸಹಕಾರ ಸಂಘ ಆಳಿನ ಕೊರತೆ ನೀಗಲು ಬೇರೊಂದು ದಾರಿ ಹಿಡಿದಿದೆ. ನವೆಂಬರ್ ಬಂತೆಂದರೆ ದೇಶದ ನಾನಾ ಮೂಲೆಗಳಿಂದ ಯುವಕ ಯುವತಿಯರನ್ನು ಕೂಲಿಗೆ ಕರೆದು, ಉಳಿಯಲು ಜಾಗ ಕೊಟ್ಟು, ಕೊಯ್ಲು ಮುಗಿಯುವವರೆಗೆ ಗುಡ್ಡಕ್ಕೆ ಹತ್ತಿಸುತ್ತದೆ. ಹಾಗೆ ಬಂದವರಲ್ಲಿ ಕೆಲವರು ಊರು ಬಿಟ್ಟುಹೋಗದೆ ಅಲ್ಲೇ ತೋಟ ಹಿಡಿದಿದ್ದಾರೆ.